ಡಾಕ್ಟರಿಲ್ಲ ಅಂತ ವಾಪಸ್ ಹೋಗುವ ಮುಂಚೆ

ಹೋಬಳಿಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಡಾಕ್ಟ್ರು ಬಂದವ್ರಾ?" "ಇಲ್ಲ ಕಣಜ್ಜಿ, ತಾಲ್ಲೂಕಿಗೆ ಮೀಟಿಂಗ್‌ಗೆ ಹೋಗವ್ರೆ. ನಾಳೆ ಬಾ." ಅಜ್ಜಿ ಚೀಟಿಯನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಡುತ್ತಾಳೆ. ಅವಳು ಬಂದಿದ್ದು ಮುಗಿದುಹೋದ ಬಿಪಿ ಮಾತ್ರೆಗೆ. ಅವಳ ಹಿಂದೆ ನಿಂತಿದ್ದ ಹುಡುಗನಿಗೆ ನಾಯಿ ಕಚ್ಚಿದ ಮೇಲಿನ ಏಳನೇ ದಿನದ ಇಂಜೆಕ್ಷನ್ ಆಗಬೇಕಿತ್ತು. ಪಕ್ಕದಲ್ಲಿ ಕೂತ ಹೆಂಗಸು ಗಂಡನ ಕಫದ ರಿಪೋರ್ಟ್ ಕೇಳಲು ಬಂದವಳು. ಮೂವರಿಗೂ ಆವತ್ತಿನ ಮಟ್ಟಿಗೆ ಡಾಕ್ಟರ ಅಗತ್ಯವೇ ಇರಲಿಲ್ಲ. ಅವರ ಕೆಲಸ ಮಾಡಿಕೊಡಬೇಕಾದವರು ಮೂರು ಬೇರೆ ಬೇರೆ ಕೋಣೆಗಳಲ್ಲಿ ಕೂತಿದ್ದರು. ಮೂವರೂ ವಾಪಸ್ ಹೋದರು.

ತಪ್ಪು ಅಜ್ಜಿಯದಲ್ಲ. ಆಸ್ಪತ್ರೆಗೆ ಹೋಗುವುದನ್ನೇ ನಾವು 'ಡಾಕ್ಟ್ರಿಗೆ ತೋರಿಸ್ಕೊಂಡು ಬರೋದು' ಅನ್ನುತ್ತೇವೆ. ಬಾಗಿಲಲ್ಲಿ ನಿಂತು "ನಿಮಗೆ ಏನಾಗಬೇಕು?" ಅಂತ ಕೇಳಿ ಸರಿಯಾದ ಕೋಣೆಗೆ ಕಳಿಸುವುದಕ್ಕೆ ಒಂದು ಹುದ್ದೆ ಅಂತಿಲ್ಲ. ಆ ಕೆಲಸ ಸಾಮಾನ್ಯವಾಗಿ ಗ್ರೂಪ್ ಡಿ ನೌಕರರ ತಲೆಗೆ ಬರುತ್ತದೆ, ಅದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಕೇಂದ್ರದ ಕೆಲಸದ ಬಹುಪಾಲು ನಡೆಯುವುದು ಡಾಕ್ಟರ ಕೋಣೆಯ ಹೊರಗೆ. ಕೆಟ್ಟರೆ ಕೆಡುವುದೂ ಹೆಚ್ಚಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವ ಜಾಗದಲ್ಲಿ. ಅವರವರ ಕೆಲಸ ಅವರವರು ಸರಿಯಾಗಿಯೇ ಮಾಡಿರುತ್ತಾರೆ; ಆದರೂ ರೋಗಿ ಕೈತಪ್ಪಿ ಹೋಗಿರುತ್ತಾನೆ.

ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, ಸಾವಿರ ಜನಕ್ಕೆ ಒಬ್ಬ ಆಶಾ. ಗುಡ್ಡಗಾಡಿನಲ್ಲಿ ಇದು 20,000 ಮತ್ತು 3,000. ಹುದ್ದೆಗಳ ಇತಿಹಾಸ ಅಷ್ಟಾಗಿ ಗೊತ್ತಿಲ್ಲ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯ ವರದಿ ಬರುವವರೆಗೆ ಒಂದೊಂದು ಕಾಯಿಲೆಗೆ ಒಬ್ಬೊಬ್ಬರು. ಮಲೇರಿಯಾದವರು ಬಂದು ರಕ್ತ ತೆಗೆದುಕೊಂಡು ಹೋಗುವರು, ಸಿಡುಬಿನವರು ಬಂದು ದಾಕು ಹಾಕುವರು, ಕುಟುಂಬ ಯೋಜನೆಯವರು ಬಂದು ಬೇರೆಯೇ ಮಾತಾಡುವರು. ಅದೇ ಮನೆಗೆ, ಅದೇ ವಾರದಲ್ಲಿ. ಸಮಿತಿ ಇವರೆಲ್ಲರನ್ನೂ ಸೇರಿಸಿ ಉಪಕೇಂದ್ರಕ್ಕೆ ಒಬ್ಬ ಹೆಣ್ಣು, ಒಬ್ಬ ಗಂಡು ಬಹೂದ್ದೇಶ ಕಾರ್ಯಕರ್ತರು ಇರಲಿ ಅಂದಿತು. ಇಂದಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ (ಊರಿನವರ ಬಾಯಲ್ಲಿ ಈಗಲೂ ನರ್ಸಮ್ಮ) ಮತ್ತು ಆರೋಗ್ಯ ನಿರೀಕ್ಷಣಾಧಿಕಾರಿ ಆ ಇಬ್ಬರ ವಾರಸುದಾರರು. ಆಮೇಲೆ 2005ರಲ್ಲಿ ಆಶಾ ಬಂದರು, 2018ರ ನಂತರ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಬಂದರು. ಒಬ್ಬೊಬ್ಬರು ಸೇರಿಕೊಂಡ ಹಾಗೆ ಕೆಲಸ ದಾಟಿಸುವ ಜಾಗಗಳೂ ಹೆಚ್ಚಿದವು.

ತವರಿಗೆ ಹೋದ ಬಾಣಂತಿ

ಆಶಾ ಕಾರ್ಯಕರ್ತೆಯ ಕೆಲಸ ಅಂದರೆ ಪೋಲಿಯೊ ಹನಿ ಹಾಕಿಸುವುದು, ಹೆರಿಗೆಗೆ ಜೊತೆಯಲ್ಲಿ ಹೋಗುವುದು ಅನ್ನುವಷ್ಟಕ್ಕೆ ನಮ್ಮ ತಿಳಿವಳಿಕೆ ನಿಂತಿದೆ. ಅವರ ನಿಜವಾದ ಕೈಚಳಕ ಕಾಣುವುದು ಹೆರಿಗೆಯಾದ ಮೇಲೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನದ ಭೇಟಿಯೂ ಸೇರಿ ಏಳು. ಪ್ರತಿ ಸಲ ಜೋಲಿ ತಕ್ಕಡಿಯಲ್ಲಿ ತೂಕ, ಕಂಕುಳಲ್ಲಿ ಥರ್ಮಾಮೀಟರ್, ಹೊಕ್ಕುಳು, ಹಾಲು ಕುಡಿಯುವ ರೀತಿ. ತೂಕ ಮಾಡುವ ಮುಂಚೆ ಖಾಲಿ ಜೋಲಿ ನೇತುಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು. ಇದನ್ನು ಮರೆತರೆ 2.4 ಕಿಲೋ ಮಗು ಪುಸ್ತಕದಲ್ಲಿ 2.6 ಆಗಿ, ಕಡಿಮೆ ತೂಕದ ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಉಸಿರೆಣಿಸುವುದು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಎತ್ತಿ ಹೊಟ್ಟೆಯ ಏರಿಳಿತ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗದು, ಎಳೆಗೂಸಿನ ಉಸಿರು ಒಂದೇ ಲಯದಲ್ಲಿ ಓಡುವುದಿಲ್ಲ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಬೇಕು. ಎರಡನೇ ಸಲವೂ ಅಷ್ಟೇ ಬಂದರೆ, ಎದೆಗೂಡು ಒಳಗೆ ಸೆಳೆದುಕೊಳ್ಳುತ್ತಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಹಾಲು ಬಿಟ್ಟಿದ್ದರೆ ಆಸ್ಪತ್ರೆಗೆ. ಅತ್ತೆಯೋ ಅಜ್ಜಿಯೋ "ಶೀತ ಕಣವ್ವ, ಬಜೆ ತೇಯ್ದು ನೆಕ್ಕಿಸಿದ್ರೆ ಹೋಯ್ತದೆ" ಅನ್ನುವಾಗ ಇವರ ಕೈಯಲ್ಲಿರುವ ಪುರಾವೆ ಆ ಒಂದು ಸಂಖ್ಯೆ ಮಾತ್ರ.

ಇಷ್ಟೆಲ್ಲ ಅಚ್ಚುಕಟ್ಟಾದ ಏರ್ಪಾಡು ನಮ್ಮ ಒಂದು ಪದ್ಧತಿಯ ಎದುರು ಸೋಲುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿಕೊಂಡು ಹೊರಟ ಹುಡುಗಿ ಮಗುವಿಗೆ ಮೂರೋ ಐದೋ ತಿಂಗಳಾಗುವವರೆಗೆ ಗಂಡನ ಮನೆಗೆ ಬರುವುದಿಲ್ಲ. ಅವಳ ಹೆಸರು, ತಾಯಿ ಕಾರ್ಡು, ನೋಂದಣಿ ಸಂಖ್ಯೆ ಎಲ್ಲ ಗಂಡನ ಊರಿನ ಆಶಾ ಹತ್ತಿರ. ಆ 42 ದಿನ ಮಗು ಇರುವುದು ಇನ್ನೊಂದು ತಾಲ್ಲೂಕಿನಲ್ಲಿ, ಆ ಊರಿನ ಆಶಾ ಪಟ್ಟಿಯಲ್ಲಿ ಇಲ್ಲದೆ. ಭೇಟಿಗಳಿಗೆ ಸಿಗುವ 250 ರೂಪಾಯಿ ಪ್ರೋತ್ಸಾಹಧನವೂ ಎಲ್ಲ ಭೇಟಿ, ತೂಕದ ದಾಖಲೆ, ಲಸಿಕೆ, ಜನನ ನೋಂದಣಿ ಮುಗಿದ ಮೇಲೇ ಬರುವಂಥದ್ದು. ಅರ್ಧ ಅಲ್ಲಿ, ಅರ್ಧ ಇಲ್ಲಿ ಆದ ಭೇಟಿಗೆ ಯಾರಿಗೂ ಪೂರ್ತಿ ಲೆಕ್ಕ ಕೂಡುವುದಿಲ್ಲ. ನಿಗದಿತ ಸಂಬಳವಿಲ್ಲದೆ ಗೌರವಧನ, ಪ್ರೋತ್ಸಾಹಧನದಲ್ಲೇ ದುಡಿಯುವವರು, ಅದಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತವರು, ಪಟ್ಟಿಯಲ್ಲಿಲ್ಲದ ಮಗುವನ್ನು ಹುಡುಕಿಕೊಂಡು ಹೋಗಲಿಲ್ಲ ಅಂತ ಬೈಯುವುದು ಸುಲಭ. ಆದರೂ ಕೆಲವು ಕಡೆ ಇದಕ್ಕೆ ಈ ಆಶಾ ಹೆಣ್ಣುಮಕ್ಕಳೇ ದಾರಿ ಕಂಡುಕೊಂಡಿದ್ದಾರೆ. ಎಂಟನೇ ತಿಂಗಳಲ್ಲೇ ತಾಯಿ ಕಾರ್ಡಿನ ಹಿಂದೆ ತವರೂರಿನ ಹೆಸರು, ಅಲ್ಲಿನ ಆಶಾ ಫೋನ್ ನಂಬರ್ ಬರೆದು, ಹೊರಡುವ ದಿನ ಒಂದು ಕರೆ ಮಾಡಿಬಿಡುತ್ತಾರೆ. ಇದಕ್ಕೆ ಆದೇಶವೂ ಬೇಡ, ಆ್ಯಪೂ ಬೇಡ.

ಗುರುವಾರದ ಐಸ್

ಲಸಿಕೆ ದಿನ ಬೆಳಿಗ್ಗೆ ಎಂಟೂವರೆಗೆ ಫಾರ್ಮಸಿ ಕೋಣೆಯ ಮೇಜಿನ ಮೇಲೆ ಐಸ್ ಪ್ಯಾಕುಗಳು ಸಾಲಾಗಿ ಬೆವರುತ್ತಾ ಮಲಗಿರುತ್ತವೆ. ಡೀಪ್ ಫ್ರೀಜರಿನಿಂದ ತೆಗೆದಾಗ ಅವುಗಳ ಮೈಮೇಲೆ ಬಿಳಿ ಮಂಜು. ಅದು ಕರಗಿ, ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಅಲ್ಲಿಯವರೆಗೆ ಅದನ್ನು ಲಸಿಕೆ ಡಬ್ಬಿಗೆ ಹಾಕುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಬೇಗ ಆಗುತ್ತದೆ, ಮಳೆಗಾಲದಲ್ಲಿ ಹೊತ್ತು ಹಿಡಿಯುತ್ತದೆ. ಗಡಿಯಾರ ನೋಡಿ ಪ್ರಯೋಜನವಿಲ್ಲ, ಸದ್ದೇ ಅಳತೆ. ಆಮೇಲೆ ಡಬ್ಬಿಯ ನಾಲ್ಕು ಗೋಡೆಗೆ ನಾಲ್ಕು ಪ್ಯಾಕು, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಬಾಟಲುಗಳು.

ಹೊರಗೆ ಆಟೊ ಕಾಯುತ್ತಿರುತ್ತದೆ, ನಾಲ್ಕು ಅಂಗನವಾಡಿಗೆ ಲಸಿಕೆ ತಲುಪಬೇಕು. "ಎಷ್ಟೊತ್ತಮ್ಮ?" ಅನ್ನುವ ಅವಸರಕ್ಕೆ ಕಲ್ಲಿನಂಥ ಪ್ಯಾಕನ್ನೇ ತುರುಕಿಬಿಟ್ಟರೆ ಐದು ರೋಗಗಳಿಗೆ ಒಂದೇ ಆದ ಪೆಂಟಾವೇಲೆಂಟ್ ಲಸಿಕೆಯ ಬಾಟಲು ಪ್ಯಾಕಿಗೆ ತಾಗಿ ಹೆಪ್ಪುಗಟ್ಟುತ್ತದೆ. ಪೆಂಟಾ, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು, ಡಿಫ್ತೀರಿಯಾದ್ದು), ಪಿಸಿವಿ (ನ್ಯುಮೋನಿಯಾದ್ದು), ಐಪಿವಿ (ಚುಚ್ಚುವ ಪೋಲಿಯೊ ಲಸಿಕೆ) ಇವೆಲ್ಲ ಹೆಪ್ಪುಗಟ್ಟಿದರೆ ಕೆಟ್ಟವು. ಪೋಲಿಯೊ ಹನಿ, ದಡಾರ ಲಸಿಕೆ ಇದಕ್ಕೆ ತದ್ವಿರುದ್ಧ, ಅವಕ್ಕೆ ಬಿಸಿಯೇ ಶತ್ರು. ಬಾಟಲಿನ ಮೇಲಿರುವ ಪುಟ್ಟ ಚೌಕ ಬಿಸಿಗೆ ಬಣ್ಣ ಬದಲಿಸುತ್ತದೆ, ಒಳಗಿನ ಚೌಕ ಹೊರಗಿನ ವೃತ್ತದಷ್ಟು ಕಪ್ಪಾದರೆ ಬಾಟಲು ಬಿಸಾಡಬೇಕು. ಹೆಪ್ಪುಗಟ್ಟಿ ಕರಗಿದ್ದನ್ನು ಮಾತ್ರ ಆ ಚೌಕ ಹೇಳುವುದಿಲ್ಲ. ಬಾಟಲು ನೋಡಲು ಸರಿಯಾಗೇ ಇರುತ್ತದೆ, ಮಗುವಿಗೆ ಚುಚ್ಚಿದ್ದೂ ಆಗುತ್ತದೆ, ಕಾರ್ಡಿನಲ್ಲಿ ಬರೆದದ್ದೂ ಆಗುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಅನುಮಾನ ಬಂದರೆ, ಐಪಿವಿ ಬಿಟ್ಟು ಉಳಿದವಕ್ಕೆ ಒಂದೇ ಪರೀಕ್ಷೆ: ಅದೇ ಬ್ಯಾಚಿನ ಒಂದು ಬಾಟಲನ್ನು ಬೇಕೆಂತಲೇ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲಿಡುವುದು. ಅನುಮಾನದ ಬಾಟಲಿನಲ್ಲೂ ಗಷ್ಟು ಅಷ್ಟೇ ಬೇಗ ತಳ ಸೇರಿದರೆ ಅದೂ ಹೆಪ್ಪುಗಟ್ಟಿದ್ದೇ.

ಲಸಿಕೆ ಇಡುವ ತಂಪು ಪೆಟ್ಟಿಗೆಯ (ಐಎಲ್ಆರ್) ಉಷ್ಣಾಂಶ 2ರಿಂದ 8 ಡಿಗ್ರಿಯ ಒಳಗಿರಬೇಕು, ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು, ಭಾನುವಾರ ಹಬ್ಬ ಅಂತ ರಜೆ ಇಲ್ಲ. ಬಹಳಷ್ಟು ಕಡೆ ಇದು ಫಾರ್ಮಸಿ ಅಧಿಕಾರಿಯ ಹೊಣೆ, ಅವರು ರಜೆ ಹಾಕಿದ ದಿನ ಯಾರ ಹೊಣೆ ಅನ್ನುವುದು ಮಾತಿನಲ್ಲಷ್ಟೇ ಇರುತ್ತದೆ. ವಾರವಿಡೀ ಬೆಳಿಗ್ಗೆ ಸಂಜೆ ಎರಡೂ ಕಾಲಂನಲ್ಲಿ ಒಂದೇ ಇಂಕಿನಲ್ಲಿ ಒಂದೇ ಕೈಬರಹದ 4, 4, 4 ಕಂಡರೆ ತಪಾಸಣೆಗೆ ಬಂದವರಿಗೆ ಹೆಚ್ಚೇನೂ ಕೇಳಬೇಕಾಗುವುದಿಲ್ಲ.

ಅಂಗನವಾಡಿಯಲ್ಲಿ ನರ್ಸಮ್ಮನ ಮುಂದೆ ಇನ್ನೊಂದು ತಕರಾರು. ದಡಾರ-ರುಬೆಲ್ಲಾ ಮತ್ತು ಬಿಸಿಜಿ (ಕ್ಷಯದ್ದು) ಪುಡಿಯ ರೂಪದ ಲಸಿಕೆಗಳು. ಅದರದೇ ದ್ರಾವಣದಲ್ಲಿ ಕಲಸಿದ ಹೊತ್ತನ್ನು ಬಾಟಲಿನ ಮೇಲೆ ಬರೆದು, ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಎಸೆಯಬೇಕು. ಪೆಂಟಾ, ಟಿಡಿಯಂಥವನ್ನು ತೆರೆದ ಮೇಲೂ ನಿಯಮ ಪಾಲಿಸಿದರೆ 28 ದಿನ ಬಳಸಬಹುದು. ಹಾಗಾಗಿ ದಡಾರಕ್ಕೆ ಒಂದೇ ಮಗು ಬಂದಾಗ ಬಾಟಲು ಒಡೆಯಲು ಕೈ ಹಿಂಜರಿಯುತ್ತದೆ. "ಮುಂದಿನ ವಾರ ಬನ್ನಿ, ಇನ್ನೂ ಮಕ್ಕಳು ಸೇರಲಿ." ನಿಯಮ ಸ್ಪಷ್ಟವಾಗಿದೆ: ಒಂದೇ ಮಗು ಬಂದರೂ ಬಾಟಲು ತೆರೆಯಬೇಕು. ಆದರೆ ತಿಂಗಳ ಕೊನೆಗೆ ವ್ಯರ್ಥವಾದ ಡೋಸುಗಳ ಲೆಕ್ಕ ಕೇಳುವವರು ಇದ್ದಾರೆ, ವಾಪಸ್ ಹೋದ ಮಗುವಿನ ಲೆಕ್ಕ ಕೇಳುವವರಿಲ್ಲ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದೂ ಔಪಚಾರಿಕವಲ್ಲ. ಅಪರೂಪಕ್ಕೆ ಮಗುವಿಗೆ ತೀವ್ರ ಅಲರ್ಜಿಯಾದರೆ ಸ್ನಾಯುವಿಗೆ ಒಂದು ಡೋಸ್ ಅಡ್ರಿನಲಿನ್ ಕೊಡಲು ಇವರಿಗೆ ತರಬೇತಿಯಿದೆ, ಕಿಟ್ಟಿನಲ್ಲಿ ಔಷಧಿಯೂ ಇರುತ್ತದೆ. ಡಾಕ್ಟರು ಬರುವವರೆಗೆ ಕಾಯುವ ಹೊತ್ತು ಅದಲ್ಲ.

ಒಂದು ಕಫದ ಡಬ್ಬಿ ಎಷ್ಟು ಕೈ ದಾಟುತ್ತದೆ

ಎರಡು ವಾರ ದಾಟಿದ ಕೆಮ್ಮು. ಮನೆ ಭೇಟಿಯಲ್ಲಿ ಆಶಾ ಗಮನಿಸಿದರು, ಡಾಕ್ಟರು ಚೀಟಿ ಬರೆದರು. ಇನ್ನು ಮುಂದೆಲ್ಲ ಪ್ರಯೋಗಶಾಲೆಯ ಕಿಟಕಿ. ಎರಡು ಸ್ಯಾಂಪಲ್ ಬೇಕು, ಒಂದು ಆಗಲೇ, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡಲೇ. ಇಲ್ಲೇ ಮೊದಲ ಸೋರಿಕೆ. ಡಬ್ಬಿ ಕೊಟ್ಟು "ಉಗಿದು ಕೊಡಿ" ಅಂದರೆ ಬರುವುದು ಎಂಜಲು. ಬಾಯಿ ಮುಕ್ಕಳಿಸಿ, ಹೊರಗೆ ಬಯಲಿನಲ್ಲಿ ಜನರಿಂದ ದೂರ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಎದೆಯ ಆಳದಿಂದ ಕೆಮ್ಮಿ ತೆಗೆದದ್ದು ಬೇಕು. ಮಂದವಾಗಿ, ಲೋಳೆಯಾಗಿ, 2ರಿಂದ 5 ಮಿಲಿ. ಇದನ್ನು ನಿಧಾನವಾಗಿ ಮಾಡಿ ತೋರಿಸುವ ಟೆಕ್ನಿಷಿಯನ್ ಇರುವ ಕಡೆ ಕ್ಷಯ ಹೆಚ್ಚು ಪತ್ತೆಯಾಗುವುದರಲ್ಲಿ ಅಚ್ಚರಿಯಿಲ್ಲ.

ಗಾಜಿನ ಪಟ್ಟಿಯ ಮೇಲೆ ಸುಮಾರು 3 ಸೆಂಟಿಮೀಟರ್ ಉದ್ದ 2 ಸೆಂಟಿಮೀಟರ್ ಅಗಲ ಕಫ ಹರಡಿ, ಒಣಗಿಸಿ, ಬೆಂಕಿಗೆ ಹಿಡಿದು ಗಟ್ಟಿಮಾಡಿ, ಕೆಂಪು ಬಣ್ಣ ಹಾಕಿ ಆವಿ ಏಳುವವರೆಗೆ ಕಾಯಿಸಿ ಐದು ನಿಮಿಷ ಬಿಡಬೇಕು. ಕುದಿಯಬಾರದು. ಆಮೇಲೆ ಶೇ 25ರ ಸಲ್ಫ್ಯೂರಿಕ್ ಆಮ್ಲದಿಂದ ಬಣ್ಣ ತೆಗೆದು, ಮೆಥಿಲೀನ್ ನೀಲಿ ಹಾಕಿ ತೊಳೆದರೆ ನೀಲಿ ಹಿನ್ನೆಲೆಯಲ್ಲಿ ಕ್ಷಯದ ಕೀಟಾಣು ಮಾತ್ರ ಕೆಂಪಗೆ ಉಳಿಯುತ್ತದೆ. ಇಲ್ಲ ಅಂತ ಬರೆಯುವ ಮುಂಚೆ ಸೂಕ್ಷ್ಮದರ್ಶಕದಲ್ಲಿ ನೂರು ಕ್ಷೇತ್ರ (ಒಂದು ನೋಟಕ್ಕೆ ಕಾಣುವಷ್ಟು ಜಾಗವೇ ಒಂದು ಕ್ಷೇತ್ರ) ನೋಡಿರಬೇಕು. ಹೊರಗೆ ಸಕ್ಕರೆ ಪರೀಕ್ಷೆಗೆ, ಗರ್ಭಿಣಿಯರ ರಕ್ತಕ್ಕೆ ಸಾಲು ನಿಂತಿರುವಾಗ ಮೂವತ್ತಕ್ಕೇ ಕಣ್ಣು ತೆಗೆಯುವ ಆಸೆಯಾಗುವುದು ಸಹಜ, ಆ ಮೂವತ್ತರಾಚೆಯೇ ಕಡ್ಡಿಯಂಥ ಒಂದು ಕೀಟಾಣು ಇರಲೂಬಹುದು. ಈಗ ಕಫದಲ್ಲಿ ಕ್ಷಯದ ಕೀಟಾಣುವಿನ ವಂಶವಾಹಿಯನ್ನು ಹುಡುಕುವ ಟ್ರೂನಾಟ್ ಯಂತ್ರ ಬಂದ ಮೇಲೆ ಈ ಭಾರ ಇಳಿದಿದೆ. ಕೈಗಂಟಿನಷ್ಟು ಗಾತ್ರದ, ಬ್ಯಾಟರಿಯಲ್ಲೂ ಓಡುವ ಈ ಯಂತ್ರ ರೂಪುಗೊಂಡಿದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಆದರೆ ಎಲ್ಲ ಕೇಂದ್ರದಲ್ಲೂ ಯಂತ್ರವಿಲ್ಲ. ಇಲ್ಲದ ಕಡೆಯಿಂದ ಡಬ್ಬಿ ತಾಲ್ಲೂಕಿಗೆ ಹೋಗಬೇಕು. ಯಾರು ಒಯ್ಯುತ್ತಾರೆ, ಯಾವ ದಿನ, ರಿಪೋರ್ಟ್ ಯಾರ ಫೋನಿಗೆ ಬರುತ್ತದೆ ಅನ್ನುವ ಮೂರು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಯಂತ್ರ ಎಷ್ಟು ಚುರುಕಾಗಿದ್ದೂ ಉಪಯೋಗವಿಲ್ಲ.

ಕ್ಷಯ ಅಂತಾದ ಮೇಲೆ ಮಾತ್ರೆ. ಆರು ತಿಂಗಳು, ದಿನಾ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧ ಸೇರಿದ್ದು. ದೊಡ್ಡವರಿಗೆ ಎಷ್ಟು ಮಾತ್ರೆ ಅನ್ನುವುದನ್ನು ತೂಕ ಹೇಳುತ್ತದೆ: 25ರಿಂದ 34 ಕಿಲೋಗೆ ಎರಡು, 35ರಿಂದ 49ಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು. 48 ಕಿಲೋ ಇದ್ದವನು ಚೇತರಿಸಿಕೊಂಡು 53 ಆದಾಗ ಮೂರರಿಂದ ನಾಲ್ಕಕ್ಕೆ ಏರಿಸಬೇಕು. ತಿಂಗಳಿಗೊಮ್ಮೆ ತೂಕ ನೋಡುವವರು ಒಬ್ಬರು, ಮಾತ್ರೆ ಕೊಡುವವರು ಇನ್ನೊಬ್ಬರಾದರೆ ಕಾರ್ಡಿನಲ್ಲಿ 53 ಅಂತ ಬರೆದಿದ್ದರೂ ಕೈಗೆ ಮೂರೇ ಬರುತ್ತಿರುತ್ತದೆ.

ಇದಕ್ಕಿಂತ ಚಿಕ್ಕದೊಂದು ಸಂಗತಿ ಇದಕ್ಕಿಂತ ಹೆಚ್ಚು ಜನರನ್ನು ಚಿಕಿತ್ಸೆ ಬಿಡಿಸುತ್ತದೆ ಅನ್ನುವುದು ಈ ಕೆಲಸದಲ್ಲಿರುವವರ ಅನುಭವ. ಈ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಔಷಧದಿಂದ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಅಪಾಯವೇನಿಲ್ಲ. ಮೊದಲೇ ಹೇಳಿದ್ದರೆ ಯಾರೂ ಹೆದರುವುದಿಲ್ಲ. ಹೇಳದಿದ್ದರೆ "ಗುಳಿಗೆ ತಗೊಂಡು ರಕ್ತ ಹೋಯ್ತಾ ಅದೆ" ಅಂತ ಎರಡನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ಫಾರ್ಮಸಿಯವರು ಡಾಕ್ಟರು ಹೇಳಿರುತ್ತಾರೆ ಅಂದುಕೊಳ್ಳುತ್ತಾರೆ, ಡಾಕ್ಟರು ಕ್ಷಯ ಮೇಲ್ವಿಚಾರಕರು ಹೇಳುತ್ತಾರೆ ಅಂದುಕೊಳ್ಳುತ್ತಾರೆ, ಅವರು ಬರುವುದು ಮುಂದಿನ ವಾರ. ಐದು ಸೆಕೆಂಡಿನ ಮಾತು. ಮೂರು ಸಲ ಹೇಳಿದರೂ ನಷ್ಟವಿಲ್ಲ, ಆದ್ದರಿಂದ ಮೂವರೂ ಹೇಳಲಿ.

ಕಿಟಕಿಯಾಚೆ

ಔಷಧಿ ಕಿಟಕಿಯ ಮುಂದೆ ಒಬ್ಬೊಬ್ಬರಿಗೆ ಸಿಗುವುದು ಅರ್ಧ ನಿಮಿಷ. ಗರ್ಭಿಣಿಗೆ ಕಬ್ಬಿಣದ ಮಾತ್ರೆ 180, ಕ್ಯಾಲ್ಸಿಯಂ ದಿನಕ್ಕೆ ಎರಡರಂತೆ 360. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಊಟವಾಗಿ ಎರಡು ಗಂಟೆಯ ಮೇಲೆ, ಹಿಂದೆಮುಂದೆ ಕಾಫಿ ಟೀ ಬೇಡ, ಮಲ ಕಪ್ಪಾದರೆ ಗಾಬರಿ ಬೇಡ. ಅಷ್ಟೂ ಮಾತು ಆ ಅರ್ಧ ನಿಮಿಷದಲ್ಲಿ. ಬಿಪಿ, ಸಕ್ಕರೆಯವರದು ಬೇರೆ ಗೋಳು. ಸರ್ಕಾರಿ ಸರಬರಾಜಿನಲ್ಲಿ ಕಂಪನಿ ಬದಲಾದ ಹಾಗೆ ಸ್ಟ್ರಿಪ್ಪಿನ ಬಣ್ಣವೂ ಬದಲಾಗುತ್ತದೆ. ಹೋದ ತಿಂಗಳ ಗುಲಾಬಿ ಸ್ಟ್ರಿಪ್ಪಿನ ಆಮ್ಲೊಡಿಪಿನ್ ಮನೆಯಲ್ಲಿ ಇನ್ನೂ ಇರುತ್ತದೆ, ಈ ತಿಂಗಳದ್ದು ಬೆಳ್ಳಿ ಬಣ್ಣದ್ದು. ಅಜ್ಜಿ ಎರಡನ್ನೂ ನುಂಗುತ್ತಾಳೆ, ತಲೆಸುತ್ತಿ ಬೀಳುತ್ತಾಳೆ. ಹಳೇ ಸ್ಟ್ರಿಪ್ಪು ತಂದು ತೋರಿಸಿ ಅನ್ನುವ ಫಾರ್ಮಸಿ ಅಧಿಕಾರಿ, ಕವರಿನ ಮೇಲೆ ಸೂರ್ಯ ಚಂದ್ರ ಬರೆದುಕೊಡುವ ಫಾರ್ಮಸಿ ಅಧಿಕಾರಿ ಇರುವ ಕಡೆ ಈ ಕಥೆ ಕಡಿಮೆ.

ಇಂಥ ಮಾಮೂಲಿ ಮಾತ್ರೆಗೆ ಅಜ್ಜಿ ಹೋಬಳಿಗೆ ಬರಬೇಕಿತ್ತೇ ಅನ್ನುವುದೇ ಪ್ರಶ್ನೆ. ಅವಳ ಊರಿನ ಪಕ್ಕದ ಉಪಕೇಂದ್ರದಲ್ಲಿ, ಈಗಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಸಿಎಚ್‌ಒ ಇದ್ದಾರೆ. ನರ್ಸಿಂಗ್ ಓದಿ ಸಮುದಾಯ ಆರೋಗ್ಯದಲ್ಲಿ ತರಬೇತಿ ಪಡೆದವರು. ಡಾಕ್ಟರು ಒಮ್ಮೆ ಶುರುಮಾಡಿದ ಬಿಪಿ, ಸಕ್ಕರೆ ಮಾತ್ರೆಯನ್ನು ತಿಂಗಳು ತಿಂಗಳು ಮುಂದುವರಿಸುವುದು, ಐದು ನಿಮಿಷ ಕೂರಿಸಿ ಬೆನ್ನಿಗೆ ಆಸರೆ ಕೊಟ್ಟು ಬಿಪಿ ನೋಡುವುದು, ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಿಸುವುದು ಅವರ ಕೆಲಸ. ಆಗದಿರುವುದಕ್ಕೆ ಕಾರಣ ಹಲವು. ನೆಟ್‌ವರ್ಕ್ ಒಂದು. ಮಾತ್ರೆ ಹೋಬಳಿಯಿಂದ ಉಪಕೇಂದ್ರಕ್ಕೆ ತಲುಪದಿರುವುದು ಇನ್ನೊಂದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಒಂದೇ ಕಟ್ಟಡದಲ್ಲಿ ಇಪ್ಪತ್ತು ವರ್ಷ ಸರ್ವೀಸಿನ ನರ್ಸಮ್ಮ ಮತ್ತು ಗುತ್ತಿಗೆ ಮೇಲೆ ಬಂದ ಎಳೆ ವಯಸ್ಸಿನ ಸಿಎಚ್‌ಒ ಕೂತಾಗ ಯಾರು ಯಾರಿಗೆ ಹೇಳುವವರು ಅನ್ನುವುದು ಕಾಗದದ ಮೇಲೆ ಬಗೆಹರಿದಷ್ಟು ಸುಲಭವಾಗಿ ಕೋಣೆಯೊಳಗೆ ಬಗೆಹರಿದಿಲ್ಲ.

ನಿರೀಕ್ಷಣಾಧಿಕಾರಿಯನ್ನು ರೋಗಿಗಳು ಕಾಣುವುದೇ ಕಡಿಮೆ, ಏಕೆಂದರೆ ಅವರ ಕೆಲಸ ಡ್ರಮ್ಮು, ತೊಟ್ಟಿ, ಟೈರುಗಳ ಹತ್ತಿರ. ನೀರಿನ ತೊಟ್ಟಿಗೆ ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5 ಗ್ರಾಂ, ಒಂದು ಗಂಟೆ ಬಿಟ್ಟು ನೋಡಿದರೆ ನೀರಿನಲ್ಲಿ ಉಳಿಕೆ ಕ್ಲೋರಿನ್ ಸಿಗಬೇಕು. ಬಾಯಿ ತೆರೆದಿಟ್ಟ ಮೂಟೆಯ ಪುಡಿ ಸತ್ವ ಕಳೆದುಕೊಂಡಿರುತ್ತದೆ, ಅಳತೆ ಸರಿಯಿದ್ದರೂ ನೀರು ಶುದ್ಧವಾಗುವುದಿಲ್ಲ. ಮಲೆನಾಡಿನಲ್ಲಿ ಇವರ ಕಿವಿ ಸತ್ತ ಮಂಗಗಳ ಸುದ್ದಿಯ ಕಡೆಗೂ ಇರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಊರಿಗೆ ಬರುವ ಮುಂಚೆ ಕಾಡಿನಲ್ಲಿ ಮಂಗಗಳನ್ನು ಕೊಲ್ಲುತ್ತದೆ. ದರಗೆಲೆ ತರಲು ಹೋದವರು ನೋಡಿದ್ದನ್ನು ಅದೇ ದಿನ ಫೋನ್ ಮಾಡಿ ಹೇಳಿದರೆ ಮಾತ್ರ ಈ ಮುನ್ಸೂಚನೆಗೆ ಬೆಲೆ.

ರಾತ್ರಿ ಪಾಳಿ

ದಿನದ 24 ಗಂಟೆ ತೆರೆದಿರುವ ಕೇಂದ್ರಕ್ಕೆ ಲೆಕ್ಕದ ಪ್ರಕಾರ ಮೂವರು ಶುಶ್ರೂಷಣಾಧಿಕಾರಿಗಳು, ಮೂರು ಪಾಳಿ. ರಾತ್ರಿ ಹತ್ತರ ಮೇಲೆ ಅಲ್ಲಿರುವುದು ಒಬ್ಬ ಸಿಸ್ಟರ್ ಮತ್ತು ಒಬ್ಬ ಗ್ರೂಪ್ ಡಿ. ಡಾಕ್ಟರು ಫೋನಿನಲ್ಲಿ. ಗದ್ದೆಗೆ ನೀರು ತಿರುಗಿಸಲು ಹೋದವನಿಗೆ ಹಾವು ಕಚ್ಚಿದೆ ಅಂತ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತರುತ್ತಾರೆ. ಕಾಲಿಗೆ ಬಿಗಿಯಾಗಿ ಪಂಚೆ ಕಟ್ಟಿರುತ್ತದೆ. ಅದನ್ನು ಒಮ್ಮೆಲೇ ಬಿಚ್ಚಬಾರದು, ತಡೆದಿದ್ದ ವಿಷ ಒಟ್ಟಿಗೆ ನುಗ್ಗಿ ಉಸಿರು ನಿಲ್ಲಬಹುದು. ಮೊದಲು ಡ್ರಿಪ್ ಹಾಕಿ, ಔಷಧಿ ಸಿದ್ಧವಿಟ್ಟುಕೊಂಡು ಬಿಚ್ಚಬೇಕು.

ಸಿಸ್ಟರ್ 2 ಮಿಲಿ ರಕ್ತ ತೆಗೆದು ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ ಹಾಕಿ ಕಡ್ಡಿಯ ಸ್ಟ್ಯಾಂಡಿನಲ್ಲಿಟ್ಟು ಗೋಡೆ ಗಡಿಯಾರ ನೋಡಿ ಹೊತ್ತು ಬರೆಯುತ್ತಾರೆ. ಇಪ್ಪತ್ತು ನಿಮಿಷ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಆಮೇಲೆ ಒಂದೇ ಸಲ ಓರೆ ಮಾಡಿದಾಗ ರಕ್ತ ಹೆಪ್ಪಾಗದೆ ಹರಿದರೆ ಅದು ಮಂಡಲದ ಜಾತಿಯ ವಿಷ, ಕೊಳಕು ಮಂಡಲವೋ ಗರಗಸ ಮಂಡಲವೋ. ಆ ಇಪ್ಪತ್ತು ನಿಮಿಷ ಕಣ್ಣು ರೋಗಿಯ ರೆಪ್ಪೆಯ ಮೇಲಿರಬೇಕು. ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಎಂಜಲು ನುಂಗಲಾಗದಿದ್ದರೆ ನಾಗರ ಅಥವಾ ಕಟ್ಟು ಹಾವು. ಆಗ ನಳಿಕೆಯ ಫಲಿತಾಂಶಕ್ಕೆ ಕಾಯಬೇಕಿಲ್ಲ. ಡಾಕ್ಟರಿಗೆ ಫೋನ್, ಪ್ರತಿವಿಷ ಹತ್ತು ವಯಲ್. ಪುಡಿಗೆ 10 ಮಿಲಿ ನೀರು ಸೇರಿಸಿ ಮೆಲ್ಲಗೆ ಸುತ್ತಿಸಬೇಕು, ಕುಲುಕಿದರೆ ನೊರೆಯಾಗುತ್ತದೆ. ಸಲೈನಿಗೆ ಸೇರಿಸಿ ಅರ್ಧದಿಂದ ಒಂದು ಗಂಟೆಯಲ್ಲಿ. ಮಗುವಿಗೂ ಇಷ್ಟೇ ವಯಲ್, ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ. ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲೇ.

ಈ ಇಡೀ ನಿರ್ಧಾರ ನಿಂತಿರುವ ಆ ಗಾಜಿನ ನಳಿಕೆಯನ್ನು ಹಗಲು ತೊಳೆದವರು ಯಾರು? ಸೋಪಿನ ಪುಡಿ ಹಾಕಿ ತೊಳೆದು ಒಳಗೆ ಅದರ ಪಸೆ ಉಳಿದಿದ್ದರೆ ಆರೋಗ್ಯವಂತನ ರಕ್ತವೂ ಹೆಪ್ಪಾಗುವುದಿಲ್ಲ. ಪ್ಲಾಸ್ಟಿಕ್ ನಳಿಕೆಯಲ್ಲೂ ಅಷ್ಟೇ. ವಿಷವಿಲ್ಲದವನಿಗೆ ಹತ್ತು ವಯಲ್ ಹೋಗುತ್ತದೆ, ಇದ್ದವನಿಗೆ ರಾತ್ರಿ ಒಂದೂ ಉಳಿದಿರುವುದಿಲ್ಲ. ಪ್ರಯೋಗಶಾಲೆಯವರು ನಾಲ್ಕು ಹೊಸ ಗಾಜಿನ ನಳಿಕೆಗಳನ್ನು ಬೇರೆ ಡಬ್ಬಿಯಲ್ಲಿಟ್ಟು 'ಹಾವಿಗೆ ಮಾತ್ರ' ಅಂತ ಚೀಟಿ ಅಂಟಿಸಿ ಸಿಸ್ಟರ್ ಮೇಜಿನ ಖಾನೆಗೆ ಹಾಕಿಟ್ಟರೆ ಈ ತೊಂದರೆ ಮುಗಿಯಿತು. ಹೊಸ ನಳಿಕೆಯೇ ಒಳ್ಳೆಯದು, ತೊಳೆದದ್ದು ಬೇಡ.

ಅಲ್ಲಿಂದ ಮುಂದೆ ಜಿಲ್ಲಾಸ್ಪತ್ರೆಗೆ ಕಳಿಸುವುದಾದರೆ 108ರವರ ಕೈಗೆ ಕೊಡುವ ಚೀಟಿಯಲ್ಲಿ 'ಹಾವು ಕಡಿತ, ರೆಫರ್ಡ್' ಅಂತ ಮೂರೇ ಪದ ಇರುವುದು ಮಾಮೂಲು. ಬೇಕಾಗಿರುವುದು ಇಷ್ಟು: ಕಚ್ಚಿದ ಹೊತ್ತು, ನಳಿಕೆ ಪರೀಕ್ಷೆಯ ಹೊತ್ತು ಮತ್ತು ಫಲಿತಾಂಶ, ಎಷ್ಟು ವಯಲ್ ಎಷ್ಟು ಗಂಟೆಗೆ ಶುರುವಾಯಿತು, ಅಡ್ರಿನಲಿನ್ ಕೊಟ್ಟಿದ್ದರೆ ಯಾವಾಗ, ಕಟ್ಟು ಬಿಚ್ಚಿದ್ದು ಯಾವಾಗ. ಮುಂದಿನ ನಳಿಕೆ ಪರೀಕ್ಷೆ ಆರು ಗಂಟೆಯ ಮೇಲೆ, ಅದರ ಮೇಲೆಯೇ ಇನ್ನಷ್ಟು ಪ್ರತಿವಿಷ ಬೇಕೋ ಬೇಡವೋ ಅನ್ನುವುದು ತೀರ್ಮಾನ. ಹೊತ್ತು ಬರೆಯದಿದ್ದರೆ ಅಲ್ಲಿನವರು ಆರು ಗಂಟೆಯನ್ನು ತಮ್ಮ ಬಾಗಿಲಿಗೆ ಬಂದಾಗಿನಿಂದ ಎಣಿಸಲು ಶುರುಮಾಡುತ್ತಾರೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಆ ವರದಿಗೂ ಇದೇ ವಿವರ ಬೇಕು, ಆದ್ದರಿಂದ ಚೀಟಿಯನ್ನು ಕಾರ್ಬನ್ ಇಟ್ಟು ಬರೆದರೆ ಸಿಸ್ಟರ್ ಬೆಳಿಗ್ಗೆ ಎರಡನೇ ಸಲ ಬರೆಯುವುದು ತಪ್ಪುತ್ತದೆ.